ಉಪ್ಪು ಮುಟ್ಟದ ನೀರು

ನಿನ್ನೆ ಸಂಜೆ ಒಲೆಯ ಮುಂದೆ ಅಂಗೈಯಲ್ಲಿ ಕಲ್ಲುಪ್ಪು ಹಿಡಿದುಕೊಂಡು ಸುಮ್ಮನೆ ನಿಂತುಬಿಟ್ಟಿದ್ದೆ. ಪುಡಿ ಉಪ್ಪಿನ ಪ್ಯಾಕೆಟ್ಟು ಮುಗಿದಿತ್ತು. ನಮ್ಮ ಮನೆಯವರನ್ನು ಅಂಗಡಿಗೆ ಕಳಿಸಿದರೆ ಕಲ್ಲುಪ್ಪು ತಂದು ಕೈಗಿಟ್ಟಿದ್ದರು. ಜಡಿಮಳೆಯ ದಿನಗಳಲ್ಲಿ ಕಲ್ಲುಪ್ಪು ಬೆವರುತ್ತದೆ, ಹಿಡಿದ ಕೈಯನ್ನೂ ಒದ್ದೆ ಮಾಡುತ್ತದೆ. ಪಾತ್ರೆಯಲ್ಲಿ ಹುರುಳಿಕಾಳಿನ ಜೊತೆ ದಂಟಿನ ಸೊಪ್ಪು ಕುದಿಯುತ್ತಿತ್ತು. ಆ ವಾಸನೆ ಮೂಗಿಗೆ ಬಡಿದಾಗಲೇ ಅನುಮಾನ ಶುರುವಾಗಿದ್ದು. ಉಪ್ಪು ಆಗಲೇ ಹಾಕಿದೆನಾ, ಇಲ್ಲವಾ?

ಎಷ್ಟು ಯೋಚಿಸಿದರೂ ನೆನಪಿಗೆ ಬರಲಿಲ್ಲ. ಕುಣಿಗಲ್ಲಿನಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದೆ. ಕಾಲು ಮರಗಟ್ಟಿದ್ದವು, ತಲೆಯೊಳಗೆ ಕಚೇರಿಯ ಗಲಾಟೆ ಇನ್ನೂ ನಡೆಯುತ್ತಲೇ ಇತ್ತು. ಈಗಷ್ಟೇ ನನ್ನ ಕೈ ಮಾಡಿದ ಕೆಲಸ ನನಗೇ ಗೊತ್ತಿಲ್ಲ ಎಂದರೆ ನಗು ಬರಬೇಕಿತ್ತು. ನಗು ಬರಲಿಲ್ಲ, ಕೆಳಗಿನ ಮನೆಯ ತಾತ ನೆನಪಾದರು...

ಉಪ್ಪಾರಹಳ್ಳಿಯ ಈ ಮನೆಗೆ ನಾವು ಬಾಡಿಗೆಗೆ ಬಂದಾಗ ಮಗಳು ಇನ್ನೂ ಪ್ರೈಮರಿಯಲ್ಲಿದ್ದಳು, ಮಗನಿಗೆ ಎಬಿಸಿಡಿ ನೆಟ್ಟಗೆ ಬರುತ್ತಿರಲಿಲ್ಲ. ನಾವು ಮೇಲಿನ ಮನೆ. ಕೆಳಗೆ ಒಂದು ಕೋಣೆ, ಒಂದು ಅಡುಗೆಮನೆಯಲ್ಲಿ ತಾತ ಒಬ್ಬರೇ ಇದ್ದರು. ಯಾವುದೋ ಮಠದ ಹಾಸ್ಟೆಲಿನಲ್ಲಿ ಹುಡುಗರಿಗೆ ಅಡುಗೆ ಮಾಡಿಕೊಂಡೇ ಆಯುಸ್ಸು ಕಳೆದವರು. ಹಣೆಯಲ್ಲಿ ವಿಭೂತಿ, ಹೆಗಲ ಮೇಲೆ ಟವೆಲ್ಲು, ಮೊಣಕೈವರೆಗೆ ಹಳೆಯ ಸುಟ್ಟ ಕಲೆಗಳು. ಹೆಂಡತಿ ಚಿಕ್ಕವಯಸ್ಸಿನಲ್ಲೇ ತೀರಿಕೊಂಡಿದ್ದರಂತೆ, ಮಕ್ಕಳಿರಲಿಲ್ಲ. ಆ ಮಾತನ್ನು ಅವರು ಎತ್ತುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ.

ಬಂದ ವಾರವೇ ಒಂದು ಸಂಜೆ ದೊಡ್ಡ ಅಲ್ಯೂಮಿನಿಯಂ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಅದರ ತುಂಬ ಸಾರು. ನಾಲ್ಕು ಜನ ಮೂರು ದಿನ ಉಂಡರೂ ಮುಗಿಯುವಂಥದ್ದಲ್ಲ.

"ಇಷ್ಟೊಂದಾ ತಾತ?" ಅಂದೆ.

"ಏನ್ ಮಾಡ್ಲವ್ವ, ಒಬ್ಬಂಗೆ ಮಾಡೋದು ನನ್ಗೆ ಗೊತ್ತೇ ಇಲ್ಲ. ಕೈ ಹೋದಂಗೆ ಹೋಯ್ತದೆ. ನೀವುಂಡು ಮಿಕ್ಕಿದ್ದ ಆ ಕೊನೆ ಮನೆಯೋರ್ಗೂ ಕೊಟ್ಬುಡಿ."

ಅದು ಸುಳ್ಳಲ್ಲ. ನೂರಾರು ಎಲೆಗಳಿಗೆ ಬಡಿಸಿದ ಕೈ ಅದು. ನಿವೃತ್ತಿಯಾಗಿ ಬಂದ ಮೇಲೂ ಹಿಡಿ ಬೇಳೆ ತೆಗೆಯಲು ಹೋದರೆ ಸೇರು ಬೇಳೆ ಬರುತ್ತಿತ್ತು. ಬೀದಿಯ ಎಲ್ಲರ ಮನೆಯಲ್ಲೂ ತಾತನ ಸಾರಿನ ಒಂದಲ್ಲ ಒಂದು ಡಬ್ಬಿ ಇರುತ್ತಿತ್ತು.

ಆಗ ನಮ್ಮ ಮನೆಯ ಊಟದ ಕಥೆ ಹೇಳಿದರೆ ನನಗೇ ಬೇಸರ. ಬೆಳಗ್ಗೆ ಕತ್ತಲಿರುವಾಗಲೇ ಎದ್ದು, ಏನೋ ಒಂದು ಚಿತ್ರಾನ್ನ ಕಲಸಿ, ಮಕ್ಕಳ ಡಬ್ಬಿ ತುಂಬಿಸಿ ಕುಣಿಗಲ್ ಬಸ್ಸಿಗೆ ಓಡುತ್ತಿದ್ದೆ. ಅಲ್ಲಿ ಒಂದು ಕಚೇರಿಯಲ್ಲಿ ಗುಮಾಸ್ತೆ ಕೆಲಸ. ತಿರುಗಿ ಮನೆ ಸೇರುವಾಗ ಬೀದಿದೀಪ ಹತ್ತಿರುತ್ತಿತ್ತು. ನಮ್ಮ ಮನೆಯವರದು ಫ್ಯಾಕ್ಟರಿ, ಶಿಫ್ಟು, ಒಂದು ವಾರ ಹಗಲು, ಒಂದು ವಾರ ಸಂಜೆ. ಮಕ್ಕಳು ಸ್ಕೂಲಿನಿಂದ ಬಂದು ಬಿಸ್ಕತ್ತು ತಿನ್ನುತ್ತಿದ್ದವು, ಆಮೇಲೆ ನೂಡಲ್ಸು, ಇಲ್ಲದಿದ್ದರೆ ಬೇಕರಿ ಪಫ್ಸು. ನಮ್ಮ ಮನೆಯವರಿಗೆ ಫ್ಯಾಕ್ಟರಿಯ ಚೆಕಪ್ಪಿನಲ್ಲಿ ಬಿಪಿ ಇದೆ ಅಂತಾಯಿತು. ಉಪ್ಪು ಕಡಿಮೆ ಮಾಡಿ, ಸೊಪ್ಪು ತರಕಾರಿ ಜಾಸ್ತಿ ತಿನ್ನಿ, ಹೋಟೆಲ್ ಊಟ ಬಿಡಿ ಅಂದರು ಡಾಕ್ಟರು. ಹೇಳುವುದಕ್ಕೇನು, ಹೇಳುತ್ತಾರೆ. ಸೊಪ್ಪು ಸೋಸುವವರು ಯಾರು?

ಆ ಪ್ರಶ್ನೆಗೆ ಉತ್ತರ ಕೆಳಗಿನ ಮನೆಯಲ್ಲಿತ್ತು. ಬಿಪಿ ವಿಷಯ ಮಗಳ ಬಾಯಿಂದ ತಿಳಿದ ದಿನವೇ ತಾತ ನನ್ನನ್ನು ಮೆಟ್ಟಿಲ ಬುಡದಲ್ಲಿ ನಿಲ್ಲಿಸಿಕೊಂಡರು.

"ನೋಡವ್ವ, ಕಾಳು ಹಿಟ್ಟು ನೀನ್ ತಂದಾಕು. ಸೊಪ್ಪು ನಾನ್ ಬೆಳೀತೀನಿ. ಸಂಜೆ ಅಡ್ಗೆ ನಂದು. ನಿಮ್ ಯಜಮಾನ್ರಿಗೆ ಉಪ್ಪು ಎಷ್ಟ್ ಬೇಕೋ ಅಷ್ಟೇ ಹಾಕ್ತೀನಿ. ಹಾಸ್ಟೆಲ್ನಾಗೆ ಕಾಯ್ಲೆ ಹುಡುಗ್ರಿಗೆ ಬ್ಯಾರೆ ಪಾತ್ರೆ ಇಡ್ತಿರ್ಲಿಲ್ವಾ ನಾನು?"

ನಾನು ಬೇಡ ಅನ್ನಬೇಕಿತ್ತೇನೋ, ವಯಸ್ಸಾದವರು. ಆದರೆ ನಿಜ ಹೇಳಬೇಕೆಂದರೆ ಆ ಮಾತು ಕೇಳಿ ನನಗೆ ಅಲ್ಲೇ ಮೆಟ್ಟಿಲ ಮೇಲೆ ಕೂತು ಅಳುವಂತಾಗಿತ್ತು. ಅಷ್ಟು ಸುಸ್ತಾಗಿದ್ದೆ.

ಮುಂದಿನ ತಿಂಗಳೊಪ್ಪತ್ತಿನಲ್ಲಿ ನಮ್ಮ ತಾರಸಿಯ ಅವತಾರವೇ ಬದಲಾಯಿತು. ಖಾಲಿ ಎಣ್ಣೆ ಟಿನ್ನು, ತಳಕ್ಕೆ ತೂತು ಹೊಡೆದ ಪೇಂಟ್ ಬಕೆಟ್ಟು, ಸಿಮೆಂಟ್ ಚೀಲ, ಯಾರೋ ಎಸೆದ ಥರ್ಮಕೋಲ್ ಪೆಟ್ಟಿಗೆ, ಎಲ್ಲದಕ್ಕೂ ಮಣ್ಣು ತುಂಬಿತು. ಊರ್ಡಿಗೆರೆ ಕಡೆಯಿಂದ ಹಾಲು ತರುವವನ ಕೈಲಿ ಕೊಟ್ಟಿಗೆ ಗೊಬ್ಬರ ತರಿಸಿದರು. ದಂಟು, ಮೆಂತ್ಯ, ಕರಿಬೇವು, ದೊಡ್ಡಪತ್ರೆ ಬಂದವು. ನಾನು ಬಟ್ಟೆ ಒಣಗಹಾಕುವ ತಂತಿಗೆ ಬಸಳೆ ಬಳ್ಳಿ ಹಬ್ಬಿತು. ಬಟ್ಟೆ ಎಲ್ಲಿ ಹಾಕಲಿ ತಾತ ಎಂದು ಜಗಳ ಆಡಿದ್ದೂ ಉಂಟು. "ಬಟ್ಟೆ ಎಲ್ ಬೇಕಾರೂ ಒಣಗ್ತದೆ, ಬಸಳೆ ಎಲ್ ಬೇಕಾರೂ ಹಬ್ಬಲ್ಲ" ಅಂದು ಬಾಯಿ ಮುಚ್ಚಿಸಿದರು.

ನೀರಿಗೆ ಅವರದೊಂದು ಕಾನೂನಿತ್ತು. ನಮ್ಮ ಬೀದಿಗೆ ನಲ್ಲಿ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಪಾತ್ರೆ ತೊಳೆಯುವ ಕಲ್ಲಿನ ಪಕ್ಕ ಎರಡು ಬಕೆಟ್ ಇಟ್ಟಿದ್ದರು, ನೀಲಿ ಒಂದು, ಕೆಂಪು ಒಂದು. ಅಕ್ಕಿ ತೊಳೆದದ್ದು, ಬೇಳೆ ತೊಳೆದದ್ದು, ಸೊಪ್ಪು ಜಾಲಿಸಿದ್ದು ನೀಲಿಗೆ. ಅದು ಸಂಜೆ ಗಿಡಗಳಿಗೆ. ಉಪ್ಪು ಮುಟ್ಟಿದ ಯಾವ ನೀರೇ ಆಗಲಿ ಕೆಂಪಿಗೆ, ಅಲ್ಲಿಂದ ಮೋರಿಗೆ.

"ಉಪ್ಪು ಮುಟ್ಟಿದ್ ನೀರು ಗಿಡಕ್ಕೆ ವಿಷ ಕಣ್ರಲಾ. ಒಂದಿನಕ್ಕೆ ಗೊತ್ತಾಗಲ್ಲ, ನಿಧಾನಕ್ಕೆ ತಿಂದಾಕ್ತದೆ" ಎಂದು ಮಕ್ಕಳಿಗೆ ಪಾಠ ಮಾಡಿದ್ದರು. ಮಕ್ಕಳು ಆ ಕಾನೂನನ್ನು ನನಗೆ ಕಲಿಸಿದರು. ನಮ್ಮ ಮನೆಯವರಿಗೆ ಕಲಿಸಲು ಅವರು ಸಿಗುತ್ತಲೇ ಇರಲಿಲ್ಲ. ಮನೆಯಲ್ಲಿದ್ದಾಗ ಮಲಗಿರುತ್ತಿದ್ದರು, ಎದ್ದಾಗ ಮನೆಯಲ್ಲಿರುತ್ತಿರಲಿಲ್ಲ.

ಸ್ಕೂಲು ಬಿಟ್ಟ ಮಕ್ಕಳು ಸೀದಾ ತಾತನ ಮನೆಗೆ. ಒಬ್ಬರು ಸೊಪ್ಪು ಕೀಳಬೇಕು, ಒಬ್ಬರು ಸೋಸಬೇಕು, ಸೋಸುತ್ತಾ ಮಗ್ಗಿ ಒಪ್ಪಿಸಬೇಕು. ಕತ್ತಲಾದ ಮೇಲೆ ಗಿಡ ಮುಟ್ಟುವ ಹಾಗಿಲ್ಲ, ಗಿಡ ಮಲಗಿರುತ್ತದೆ. ನಾನು ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. ಹೆಚ್ಚಾಗಿ ಬಸ್ಸಾರೇ. ಕಾಳು ಸೊಪ್ಪು ಒಟ್ಟಿಗೆ ಬೇಯಿಸಿ, ನೀರು ಬಸಿದು, ಆ ನೀರಿಗೆ ಖಾರ ರುಬ್ಬಿ ಹಾಕಿ ಕುದಿಸಿದರೆ ಸಾರು, ಮಿಕ್ಕ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಸಲ ಬೇಯಿಸಿದರೆ ಎರಡು ಅಡುಗೆ. ಜೊತೆಗೆ ಮುದ್ದೆ. ಮೊದಮೊದಲು ಮಕ್ಕಳು "ಸಪ್ಪೆ ತಾತ, ಸಪ್ಪೆ" ಎಂದು ಮುಖ ಕಿವುಚಿದವು. ಆಮೇಲೆ ನಾಲಿಗೆ ಒಗ್ಗಿತು. ಮಗನ ಕೆನ್ನೆ ತುಂಬಿಕೊಂಡಿತು. ನಮ್ಮ ಮನೆಯವರ ಬಿಪಿ ಇಳಿಯಿತು. ಡಾಕ್ಟರು "ಏನ್ ಮಾಡ್ತಿದೀರಿ, ಹಾಗೇ ಮಾಡಿ" ಅಂದರಂತೆ. ಆ ಮಾತು ತಿಳಿಸಿದಾಗ ತಾತ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಆ ರಾತ್ರಿ ಬೀದಿಗೆಲ್ಲ ಪಾಯಸ ಬಂತು.

ತಾತ ಎಂದೂ ರುಚಿ ನೋಡುತ್ತಿರಲಿಲ್ಲ. ಮಠದ ಅಡುಗೆಮನೆಯಲ್ಲಿ ಎಡೆ ಇಡುವ ಮೊದಲು ನಾಲಿಗೆಗೆ ಮುಟ್ಟಿಸುವ ಪದ್ಧತಿಯಿಲ್ಲವಂತೆ. ಕುದಿಯ ವಾಸನೆ ನೋಡಿಯೇ ಉಪ್ಪು ಖಾರ ಹೇಳಬೇಕು. ಇನ್ನು ಊಟಕ್ಕೆ ಕೂತಾಗಲೂ ಅವರಿಗೆ ಮುದ್ದೆ, ಮಜ್ಜಿಗೆ ಅಷ್ಟೇ. ಹುಡುಗರೆಲ್ಲ ಉಂಡ ಮೇಲೆ ಅಡುಗೆಯವನು ಕೂರುವಷ್ಟರಲ್ಲಿ ಸಾರಿನ ಕೊಳಗ ಬರಿದಾಗಿರುತ್ತಿತ್ತಂತೆ. ವರ್ಷಗಟ್ಟಲೆ ಮಜ್ಜಿಗೆಯಲ್ಲೇ ಉಂಡು ಅದೇ ಅಭ್ಯಾಸವಾಗಿ ಹೋಗಿತ್ತು. ತಾವು ಮಾಡಿದ ಸಾರಿನ ರುಚಿ ತಾತನಿಗೆ ನಮ್ಮ ಮುಖದಲ್ಲಿ ಮಾತ್ರ ಗೊತ್ತಾಗುತ್ತಿತ್ತು.

ಹೀಗೆ ಕೆಲವು ವರ್ಷ. ಆಮೇಲೆ ಒಂದು ಸಂಜೆ ಸಾರು ಬಾಯಿಗೆ ಇಡಲಾಗದಷ್ಟು ಉಪ್ಪಾಗಿತ್ತು. ಎಂಥವರಿಗೂ ಒಂದು ದಿನ ಕೈ ತಪ್ಪುತ್ತದೆ ಎಂದು ಸುಮ್ಮನಾದೆವು. ವಾರ ಬಿಟ್ಟು ಮತ್ತೆ. ಆಮೇಲೆ ದಿನ ಬಿಟ್ಟು ದಿನ...

ಹೇಳದೆ ಇರಲಿಲ್ಲ ನಾನು. "ತಾತ, ಉಪ್ಪು ಸ್ವಲ್ಪ ಮುಂದಾಗಿದೆ" ಅಂದೆ.

ಅವರು ನಕ್ಕರು. "ಕಮ್ಮಿ ಉಪ್ಪು ಉಂಡೂ ಉಂಡೂ ನಿಮ್ ನಾಲ್ಗೆ ಸಪ್ಪೆಗೆ ಒಗ್ಗೋಗೈತೆ ಕಣವ್ವ. ಚಿಟಿಕೆ ಹಾಕಿದ್ರೂ ಜಾಸ್ತಿ ಅನ್ನುಸ್ತದೆ. ಒಳ್ಳೇದೇ ಬುಡು."

ಕಾರಣ ತಿಳಿದದ್ದು ಒಂದು ರಜೆಯ ದಿನ. ಅವರ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ಕಾಳು ಕುದಿಯುವಾಗ ಜಾಡಿಯಿಂದ ಉಪ್ಪು ತೆಗೆದು ಹಾಕಿದರು. ಮಗ ಏನೋ ಕೇಳಿದ, ಅವನೊಂದಿಗೆ ಮಾತಾಡಿದರು, ನೀರು ಬಸಿದರು. ಖಾರ ರುಬ್ಬಿ ಸಾರಿಗೆ ಹಾಕಿದ ಮೇಲೆ ಕೈ ಮತ್ತೆ ಜಾಡಿಗೆ ಹೋಯಿತು.

"ತಾತ, ಆಗ್ಲೇ ಹಾಕಿದ್ರಲ್ಲ."

ಅವರು ತಿರುಗಿ ನನ್ನನ್ನು ನೋಡಿದರು. ಮುಖದಲ್ಲಿ ಅನುಮಾನದ ಸುಳಿವೂ ಇರಲಿಲ್ಲ. "ಅದು ನೆನ್ನೆ ಕಣವ್ವ" ಅಂದರು, ಉಪ್ಪು ಹಾಕಿದರು.

ಅವರೆಕಾಯಿ ಕೈಯಲ್ಲೇ ಉಳಿಯಿತು. ಯಾರಿಗೆ ಹೇಳಲಿ? ಗುಬ್ಬಿಯಲ್ಲಿ ಅವರ ಅಕ್ಕನ ಮಗಳಿದ್ದಳು. ಒಬ್ಬರೇ ಯಾಕಿರ್ತೀರಿ ಮಾವ, ಬನ್ನಿ ಎಂದು ವರ್ಷವರ್ಷವೂ ಬಂದು ಕರೆಯುತ್ತಿದ್ದಳು. ತಾತ ಒಪ್ಪುತ್ತಿರಲಿಲ್ಲ. "ಅಲ್ಲೋದ್ರೆ ಕೂತುಣ್ಬೇಕು. ಬಡಿಸ್ದೋನು ನಾನು, ಬಡಿಸ್ಕೊಳ್ಳೋಕೆ ಬರಲ್ಲ ನನ್ಗೆ" ಎನ್ನುತ್ತಿದ್ದರು. ಅಡುಗೆ ಕೈತಪ್ಪುತ್ತಿದೆ ಎಂದು ಗೊತ್ತಾದರೆ ಅವಳು ಅವತ್ತೇ ಕರೆದುಕೊಂಡು ಹೋಗುತ್ತಾಳೆ. ಒಲೆ ಬಿಟ್ಟರೆ ಈ ಮನುಷ್ಯನಿಗೆ ಇನ್ನೇನಿದೆ? ಇತ್ತ ನಮ್ಮ ಮನೆಯವರ ಬಿಪಿ ಮತ್ತೆ ಏರಿತ್ತು, ಡಾಕ್ಟರು ಮಾತ್ರೆ ಜಾಸ್ತಿ ಬರೆದಿದ್ದರು.

ನಾನು ಸಾರಿಗೆ ಬಿಸಿನೀರು ಬೆರೆಸಿದೆ, ಆಲೂಗೆಡ್ಡೆ ಬೇಯಿಸಿ ಹಾಕಿದೆ. ಮಕ್ಕಳು ಹೇಗೋ ಉಂಡವು. ನಮ್ಮ ಮನೆಯವರಿಗೆ ಬೇರೆ ಮೊಸರನ್ನ ಕಲಸಿದೆ. ಅವರ ಪಾಲಿನ ಸಾರು ಡಬ್ಬಿಯಲ್ಲಿ ಹಾಗೇ ಉಳಿಯುತ್ತಿತ್ತು, ಬೆಳಗ್ಗೆ ನೋಡಿದರೆ ಡಬ್ಬಿ ತೊಳೆದು ಬೋರಲು ಹಾಕಿರುತ್ತಿತ್ತು. ಎಲ್ಲಿ ಹೋಗುತ್ತದೆ ಎಂದು ಕೇಳುವ ವ್ಯವಧಾನವೂ ನನಗಿರಲಿಲ್ಲ. ಬಸ್ಸಿಗೆ ಹೊತ್ತಾಗುತ್ತಿತ್ತು.

ಗಿಡಗಳು ಸೊರಗಲು ಶುರುವಾದವು. ಮೊದಲು ದಂಟಿನ ಎಲೆಯ ಅಂಚು ಸುಟ್ಟಂತಾಯಿತು. ಆಮೇಲೆ ಬಸಳೆ ಎಲೆ ಉದುರಿಸಿತು, ಕರಿಬೇವು ಹಳದಿಯಾಯಿತು. ತಾತ ಬೂದಿ ಎರಚಿದರು, ಹುಳಿ ಮಜ್ಜಿಗೆ ಚಿಮುಕಿಸಿದರು, ಬೇವಿನ ಸೊಪ್ಪು ಕುದಿಸಿ ಹಾಕಿದರು. ಬೆಳಗಾದರೆ ತಾರಸಿ, ಸಂಜೆಯಾದರೆ ತಾರಸಿ. "ಯಾರ್ ಕಣ್ ಬಿತ್ತೋ" ಎಂದು ಒಂದು ದಿನ ಹಳೆ ಚಪ್ಪಲಿಯನ್ನೂ ತಂದು ಕಟ್ಟಿದರು.

ಒಂದು ಭಾನುವಾರ ನಾನು ಬಟ್ಟೆ ಒಣಗಹಾಕಲು ಮೇಲೆ ಹೋದಾಗ ತಾತ ಕರಿಬೇವಿನ ಟಿನ್ನಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಮಣ್ಣಿನ ಮೇಲೆ ಬೆಳ್ಳಗೆ ಪೊರೆ ಕಟ್ಟಿತ್ತು. ಅದರೊಳಗೆ ಸಾಸಿವೆ ಕಾಳು, ಒಣಮೆಣಸಿನಕಾಯಿಯ ಚೂರು. ಒಗ್ಗರಣೆಯ ಸಾಸಿವೆ. ಗಿಡದ ಬುಡಕ್ಕೆ ಎಲ್ಲಿಂದ ಬರಬೇಕು ಅದು? ನೋಡಿದ ಕೂಡಲೇ ನನಗೆ ನಮ್ಮ ಮನೆಯ ಸಾರಿನ ಡಬ್ಬಿ ನೆನಪಾಯಿತು.

ತಾತ ಆ ಬಿಳಿ ಪೊರೆಯನ್ನು ಉಗುರಿನಿಂದ ಕೆರೆದರು. ಬೆರಳ ತುದಿಯನ್ನು ನಾಲಿಗೆಗೆ ಮುಟ್ಟಿಸಿಕೊಂಡರು.

ಕುದಿಯುವ ಸಾರನ್ನು ಜನ್ಮದಲ್ಲಿ ರುಚಿ ನೋಡದವರು ಅವರು. ಮಣ್ಣನ್ನು ನಾಲಿಗೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಹಾಗೇ ಕೂತಿದ್ದರು. ಆಮೇಲೆ ಪಕ್ಕದ ದಂಟಿನ ಬಕೆಟ್ಟು, ಅದರ ಪಕ್ಕದ ಮೆಂತ್ಯದ ಪೆಟ್ಟಿಗೆ, ಎಲ್ಲದರ ಮಣ್ಣನ್ನೂ ಒಂದೊಂದು ಚೂರು ಬಾಯಿಗೆ ಹಾಕಿಕೊಂಡು ನೋಡಿದರು. ನಾನು ಅಲ್ಲೇ ನಿಂತಿದ್ದೆ, ಹಿಂಡಿದ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವರು ನನ್ನ ಕಡೆ ನೋಡದೆ ಮೆಟ್ಟಿಲಿಳಿದು ಹೋದರು.

ಕೆಳಗೆ ಬಂದು ನಮ್ಮ ಮನೆಯವರನ್ನು ಎಬ್ಬಿಸಿ ಕೇಳಿದೆ. ನಿದ್ದೆಗಣ್ಣಲ್ಲೇ ಹೇಳಿದರು. "ಹ್ಞೂ, ನಾನೇ ಗಿಡಕ್ ಹಾಕ್ತಿದ್ದೆ. ಮತ್ತೇನ್ ಮಾಡ್ಲಿ? ಮೋರಿಗೆ ಚೆಲ್ಲಿದ್ರೆ ತಾತ ನೋಡಿ ಬೇಜಾರ್ ಮಾಡ್ಕೊತಾರೆ. ಅನ್ನ ಸಾರು ಕಸಕ್ಕೆ ಹಾಕೋಕೆ ಮನ್ಸ್ ಬರಲ್ಲ. ಅಡ್ಗೆಮನೆ ನೀರು ಗಿಡಕ್ಕೇ ಹಾಕ್ಬೇಕು ಅಂತ ನಿಮ್ ತಾತಾನೇ ಅಲ್ವಾ ಹೇಳಿದ್ದು?"

ಅರ್ಧ ಕಾನೂನು ಅವರಿಗೆ ಗೊತ್ತಿತ್ತು. ಉಳಿದರ್ಧ ಯಾರೂ ಹೇಳಿರಲಿಲ್ಲ.

ಅವತ್ತು ಸಂಜೆ ಕೆಳಗಿನ ಮನೆಯಲ್ಲಿ ಪಾತ್ರೆ ಸದ್ದಾಗಲಿಲ್ಲ, ಒಗ್ಗರಣೆಯ ಘಾಟು ಬರಲಿಲ್ಲ. ಮಕ್ಕಳು ಎರಡು ಸಲ ಇಣುಕಿ ಬಂದವು. ನಾನು ಇಳಿದು ಹೋದಾಗ ತಾತ ಆರಿದ ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತಿದ್ದರು. ಉಪ್ಪಿನ ಜಾಡಿ ತೊಡೆಯ ಮೇಲಿತ್ತು.

"ಎಷ್ಟ್ ದಿವ್ಸದಿಂದ ಅವ್ವ?" ಅಂದರು.

"ಸ್ವಲ್ಪ ದಿನ ಆಯ್ತು ತಾತ."

"ನೀನ್ ಹೇಳಿದ್ದೆ. ನಾನೇ ಕೇಳಿಸ್ಕೊಳ್ಲಿಲ್ಲ. ಮನುಷ್ರ ಮಾತಿಗೆ ಏನೋ ಒಂದ್ ಸಮಾಧಾನ ಹೇಳ್ಕೊಬೋದು ಕಣವ್ವ. ಗಿಡ ಒಣಗ್ತು ಅಂದ್ರೆ ಒಣಗ್ತು." ಜಾಡಿಯ ಮುಚ್ಚಳವನ್ನು ತಿರುಗಿಸಿ ಬಿಗಿ ಮಾಡಿದರು. "ನಿಮ್ ಯಜಮಾನ್ರಿಗೆ ಬಿಪಿ ಇಳ್ಸ್ತೀನಿ ಅಂದೋನು ಇದೇ ಕೈಯಾಗೆ ಉಪ್ಪು ತಿನ್ನುಸ್ದೆ. ಹಾಕಿದ್ದು ನೆಪ್ಪೇ ಇಲ್ಲ. ಈವಾಗ್ಲೂ ಇಲ್ಲ."

ಅವರ ಕಣ್ಣಲ್ಲಿ ನೀರಿತ್ತು. ನಾನು ಸಮಾಧಾನ ಹೇಳಲು ಹೋಗಿ "ಹಸಿವಾಗ್ತಿದೆ ತಾತ, ಮಕ್ಳೂ ಕಾಯ್ತಿದಾವೆ" ಅಂದುಬಿಟ್ಟೆ. ಯಾಕೆ ಹಾಗಂದೆನೋ ಗೊತ್ತಿಲ್ಲ. ಆದರೆ ಹಸಿವು ಅನ್ನುವ ಮಾತು ಕೇಳಿದರೆ ಕೂರುವ ಜನ್ಮವಲ್ಲ ಅವರದು. ಎದ್ದರು, ಒಲೆ ಹಚ್ಚಿದರು, ಉಪ್ಪಿನ ಜಾಡಿಯನ್ನು ನನ್ನ ಕೈಗೆ ಕೊಟ್ಟರು.

"ಇವತ್ತಿಂದ ಉಪ್ಪು ನಿಂದು. ಮಿಕ್ಕಿದ್ದು ನಂದು. ನೀನ್ ಬರೋಗಂಟ ನಾನ್ ಜಾಡಿ ಮುಟ್ಟಲ್ಲ."

ಜಾಡಿ ನಮ್ಮ ಮನೆಗೆ ಬಂತು. ಅಲ್ಲಿಂದ ಮುಂದೆ ನನ್ನ ಸಂಜೆಗಳು ಹೀಗೆ... ಬಸ್ಸಿಳಿದು, ಬೀದಿ ದಾಟಿ, ಮೇಲೆ ಹೋಗಿ ಜಾಡಿ ತಂದು, ಹೆಗಲ ಬ್ಯಾಗು ಇಳಿಸದೆಯೇ ತಾತನ ಅಡುಗೆಮನೆಗೆ. ಸಾರು ಸಣ್ಣ ಉರಿಯಲ್ಲಿ ಕುದಿಯುತ್ತಿರುತ್ತಿತ್ತು. ನಾನು ಉಪ್ಪು ಹಾಕುತ್ತಿದ್ದೆ, ಅವರು ಸೌಟಿನಲ್ಲಿ ತಿರುಗಿಸಿ ಬಗ್ಗಿ ವಾಸನೆ ನೋಡಿ "ಆಯ್ತು" ಎನ್ನುತ್ತಿದ್ದರು. ದಿನವೂ ಅದೇ ಮಾತು, "ಬಸ್ ಲೇಟಾಯ್ತಾ ಇವತ್ತು?" ದಿನವೂ ಅದೇ ಉತ್ತರ, "ಹ್ಞೂ ತಾತ, ಸ್ವಲ್ಪ." ಬಸ್ ಸರಿಯಾದ ಹೊತ್ತಿಗೆ ಬಂದ ದಿನವೂ ಹಾಗೇ ಹೇಳುತ್ತಿದ್ದೆ. ಬೇರೆ ಉತ್ತರಕ್ಕೆ ತ್ರಾಣವಿರುತ್ತಿರಲಿಲ್ಲ.

ಇದು ಬಹಳ ಚೆನ್ನಾಗಿತ್ತು ಎಂದು ಈಗ ಹೇಳುವುದು ಸುಲಭ. ಆಗ ಎಷ್ಟೋ ದಿನ ಸಾಕಪ್ಪಾ ಸಾಕು ಅನ್ನಿಸುತ್ತಿತ್ತು. ಕಚೇರಿಯಲ್ಲಿ ಬೈಗುಳ, ಬಸ್ಸಿನಲ್ಲಿ ನೂಕುನುಗ್ಗಲು, ಮನೆ ಮುಟ್ಟಿದರೆ ಉಪ್ಪಿನ ಡ್ಯೂಟಿ. ಒಂದು ದಿನ ಜ್ವರ ಬಂದು ಮಲಗಿದ್ದೆ. ತಾತ ಮಗಳ ಕೈಲಿ ಹೇಳಿ ಕಳಿಸಿದರು, "ನಿಮ್ಮವ್ವನ್ನ ಎಬ್ಬಿಸ್ಬ್ಯಾಡ, ನೀನೇ ಹಾಕ್ ಬಾ." ಆ ಮಗು ಹೋಗಿ ಹಾಕಿ ಬಂತು. ಸಾರು ಸರಿಯಾಗಿಯೇ ಇತ್ತು. ಮಣ್ಣು ಬದಲಾಯಿಸಿದ ಟಿನ್ನುಗಳಲ್ಲಿ ದಂಟು ಮತ್ತೆ ಚಿಗುರಿತ್ತು. ನಮ್ಮ ಮನೆಯವರು ತಾತನ ಮುಂದೆ ಕಿವಿ ಹಿಡಿದುಕೊಂಡು ಎರಡು ಬಕೆಟ್ಟಿನ ಕಾನೂನು ಒಪ್ಪಿಸಿದ್ದರು. ಕರಿಬೇವು ಮಾತ್ರ ಬದುಕಲಿಲ್ಲ.

ಆಮೇಲೆ ಬೇರೆ ಬೇರೆ ಮರೆವು ಬಂತು. ಬೀದಿಯ ತಿರುವು, ಮಕ್ಕಳ ಹೆಸರು, ಸ್ನಾನ ಮಾಡಿದ್ದು. ಒಂದು ಮಧ್ಯಾಹ್ನ ಹಾಲಿಟ್ಟು ಹೊರಗೆ ಹೋಗಿ ಕೂತಿದ್ದಾರೆ, ಪಾತ್ರೆ ಕರಕಲಾಗಿ ಮನೆಯೆಲ್ಲ ಹೊಗೆ. ಪಕ್ಕದವರು ನೋಡಿ ಗ್ಯಾಸ್ ಆಫ್ ಮಾಡಿದರು. ನಮ್ಮೂರಿನದೇ ಸದಾಶಿವನಗರದಲ್ಲಿದ್ದ ಮನೆ ಓನರ್ ಬಂದು, ಇನ್ನು ನನ್ನ ಕೈಲಾಗಲ್ಲ ಎಂದು ಗುಬ್ಬಿಗೆ ಫೋನ್ ಮಾಡಿಸಿದರು. ಅಕ್ಕನ ಮಗಳು ಆಟೋ ಮಾಡಿಕೊಂಡು ಬಂದಳು. ಅದು ಕೆಲಸದ ದಿನ, ನಾನು ಕುಣಿಗಲ್ಲಿನಲ್ಲಿದ್ದೆ. ಸಂಜೆ ಬಂದು ಜಾಡಿ ತೆಗೆದುಕೊಂಡು ಇಳಿದರೆ ಬಾಗಿಲಿಗೆ ಬೀಗ. ತಾತ ದೊಡ್ಡಪತ್ರೆಯ ಟಿನ್ನೊಂದನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಹೋದರಂತೆ.

ಗುಬ್ಬಿ ಏನು ದೂರ? ಆದರೂ ಹೋಗಲು ತಿಂಗಳುಗಳೇ ಬೇಕಾದವು. ಒಂದು ಭಾನುವಾರ ಮಕ್ಕಳ ಪರೀಕ್ಷೆ, ಒಂದು ಭಾನುವಾರ ಮದುವೆ, ಒಂದು ಭಾನುವಾರ ಬರೀ ನಿದ್ದೆ. ಕೊನೆಗೊಂದು ಸಂಜೆ ಹೋದೆ. ತಾತ ಜಗುಲಿಯ ಮೇಲೆ ಗೋಡೆಗೊರಗಿ ಕೂತಿದ್ದರು, ಇಳಿದುಹೋಗಿದ್ದರು. ವಿಭೂತಿ ಯಾರೋ ಹಚ್ಚಿದ್ದರು, ಓರೆಯಾಗಿತ್ತು. ನಾನು ಕೈ ಹಿಡಿದು ಮಾತಾಡಿಸಿದೆ. "ಯಾವೂರವ್ವ ನಿಂದು?" ಅಂದರು.

ಅವರ ಅಕ್ಕನ ಮಗಳು ಕಾಫಿ ತಂದುಕೊಟ್ಟು ಪಕ್ಕದಲ್ಲಿ ಕೂತಳು. "ಯಾರ್ನೂ ಗುರ್ತು ಹಿಡಿಯಲ್ಲ ಅಕ್ಕ. ನನ್ನೂ ಒಂದೊಂದಿನ ಯಾರಮ್ಮ ಅಂತಾರೆ. ಎಲ್ಲಾನೂ ತಡ್ಕೊಬೋದು, ಸಂಜೆ ಊಟದ್ದೇ ಫಜೀತಿ. ನಾವ್ ಬಡಿಸಿದ್ರೆ ಉಣ್ಣಲ್ಲ, ನಮ್ಗೂ ಉಣ್ಣಾಕೆ ಬುಡಲ್ಲ. ತಾಳಿ, ಇನ್ನೂ ಉಪ್ಪು ಹಾಕಿಲ್ಲ, ಕುಣಿಗಲ್ ಬಸ್ಸು ಬರ್ಲಿ, ಉಪ್ಪು ಹಾಕೋರು ಬತ್ತಾರೆ ಅಂತಾರೆ. ಈ ಗುಬ್ಬೀಲಿ ಯಾವ್ ಕುಣಿಗಲ್ ಬಸ್ಸಕ್ಕ? ಏನ್ ಮಾತು ಅಂತ್ಲೇ ನಮ್ಗೆ ಅರ್ಥ ಆಗ್ಲಿಲ್ಲ."

ಕಾಫಿ ಲೋಟ ಕೆಳಗಿಟ್ಟೆ.

"ಇವತ್ತು ಸಾರಿಗೆ ಉಪ್ಪು ಹಾಕಿದೀರಾ?" ಅಂದೆ.

"ಇನ್ನೂ ಇಲ್ಲ."

ತಾತನನ್ನು ಎಬ್ಬಿಸಿ, ತೋಳು ಹಿಡಿದು ಒಳಗೆ ಕರೆದುಕೊಂಡು ಹೋದೆವು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ನಾನು ಹೆಗಲ ಬ್ಯಾಗು ಇಳಿಸದೆಯೇ ಅವರ ಮನೆಯ ಉಪ್ಪಿನ ಡಬ್ಬಿಗೆ ಕೈ ಹಾಕಿದೆ. ಅವರು ನೋಡುತ್ತಿರುವಂತೆ ಉಪ್ಪು ಹಾಕಿದೆ, ಸೌಟು ಅವರ ಕೈಗೆ ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದರು. ಬಗ್ಗಿ ವಾಸನೆ ನೋಡಿದರು.

"ಆಯ್ತು" ಅಂದರು. ಆಮೇಲೆ ನನ್ನ ಮುಖವನ್ನಲ್ಲ, ನನ್ನ ಕೈಯನ್ನು ನೋಡಿ ಕೇಳಿದರು. "ಬಸ್ ಲೇಟಾಯ್ತಾ ಇವತ್ತು?"

"ಹ್ಞೂ ತಾತ. ಸ್ವಲ್ಪ ಲೇಟಾಯ್ತು."

ಆ ಸಂಜೆ ಅವರು ತಾವೇ ಎಲ್ಲರಿಗೂ ಬಡಿಸಿದರು. ಚೆಲ್ಲಿದ್ದನ್ನು ಅಕ್ಕನ ಮಗಳು ಹಿಂದಿನಿಂದ ಒರೆಸುತ್ತಾ ಬಂದಳು. ಕೊನೆಗೆ ಮುದ್ದೆಗೆ ಮಜ್ಜಿಗೆ ಬಿಟ್ಟುಕೊಂಡು ಕೂತು ಉಂಡರು. ನಾನು ಅವರ ಅಕ್ಕನ ಮಗಳಿಗೆ ಉಪ್ಪಿನ ಕಥೆಯೆಲ್ಲ ಹೇಳಿದೆ, ಸಂಜೆ ಹೆಗಲಿಗೆ ಒಂದು ಬ್ಯಾಗು ಹಾಕಿಕೊಂಡು ಅವರೆದುರಿಗೇ ಉಪ್ಪು ಹಾಕಿ ನೋಡಿ ಎಂದೆ. ಅವಳು ಹಾಗೇ ಮಾಡಿದಳಂತೆ. ಕೆಲವು ದಿನ ನಂಬಿದರಂತೆ, ಕೆಲವು ದಿನ ಇಲ್ಲವಂತೆ.

ಅವರು ಹೋದ ಸುದ್ದಿ ಬಂದಾಗ ನಾನು ಬಸ್ಸಿನಲ್ಲಿದ್ದೆ. ಎಂದಿನ ಕುಣಿಗಲ್ ಬಸ್ಸು, ಎಂದಿನ ಹೊತ್ತು. ಗುಬ್ಬಿ ತಲುಪುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ಜಗುಲಿಯ ಮೇಲೆ ದೊಡ್ಡಪತ್ರೆಯ ಟಿನ್ನಿತ್ತು. ಅದರಿಂದ ಒಂದು ಕಡ್ಡಿ ಮುರಿದುಕೊಂಡು ಬಂದೆ. ಅಷ್ಟೇ ನನ್ನಿಂದಾದದ್ದು.

ಈಗ ಕೆಳಗಿನ ಮನೆಯಲ್ಲಿ ಯಾರೋ ಕೊರಿಯರ್ ಪಾರ್ಸಲ್ ತುಂಬಿಟ್ಟಿದ್ದಾರೆ. ತಾರಸಿಯಲ್ಲಿ ನಾಲ್ಕೈದು ಟಿನ್ನು ಉಳಿದಿವೆ, ದೊಡ್ಡಪತ್ರೆ ಪೊದೆಯಾಗಿದೆ. ನೀಲಿ ಬಕೆಟ್ಟಿನ ನೀರು ಹಾಕುವುದು ಈಗ ನಮ್ಮ ಮನೆಯವರ ಕೆಲಸ. ಮಗಳು ಪಿಯುಸಿಗೆ ಬಂದಿದ್ದಾಳೆ. ನಾನು ಇನ್ನೂ ಅದೇ ಬಸ್ಸಿನಲ್ಲಿ ಓಡಾಡುತ್ತಿದ್ದೇನೆ, ಅದೇ ಮೆಟ್ಟಿಲು ಹತ್ತುತ್ತಿದ್ದೇನೆ. ಮುಚ್ಚಿದ ಆ ಬಾಗಿಲ ಮುಂದೆ ಕಾಲು ಇವತ್ತಿಗೂ ಒಂದು ಗಳಿಗೆ ನಿಧಾನವಾಗುತ್ತದೆ.

ನಿನ್ನೆ ಅಂಗೈಯಲ್ಲಿ ಉಪ್ಪು ಹಿಡಿದು ನಿಂತಿದ್ದೆ ಅಂದೆನಲ್ಲ. ಸೌಟಿನ ತುದಿಯಿಂದ ಒಂದು ತೊಟ್ಟು ನಾಲಿಗೆಗೆ ಹಾಕಿಕೊಂಡಿದ್ದರೆ ಗೊತ್ತಾಗಿಬಿಡುತ್ತಿತ್ತು, ಅದೇನು ದೊಡ್ಡ ವಿಷಯವಲ್ಲ. ನನಗೆ ಎಡೆಯೂ ಇಲ್ಲ, ನೇಮವೂ ಇಲ್ಲ. ಆದರೆ ಕೈ ಏಳಲಿಲ್ಲ. ಹಾಕಿದ್ದು ಇವತ್ತೋ ನಿನ್ನೆಯೋ ಎಂದು ನನಗೂ ತಿಳಿಯದ ದಿನ ಬರುತ್ತದಲ್ಲ ಅನ್ನಿಸಿ ಭಯವಾಯಿತು. ತಾತನಿಗೆ ಕಾಯಲು ಒಂದು ಕುಣಿಗಲ್ ಬಸ್ಸಾದರೂ ಇತ್ತು.

ಉಪ್ಪನ್ನು ಜಾಡಿಗೆ ವಾಪಸ್ ಸುರಿದೆ. ತಾತನ ಜಾಡಿಯೇ ಅದು. ಒಲೆ ಸಣ್ಣ ಮಾಡಿ, ಮಗಳು ಟ್ಯೂಷನ್ ಮುಗಿಸಿ ಬರಲಿ, ಅವಳೇ ನೋಡಿ ಹಾಕಲಿ ಎಂದು ಮಣೆ ಎಳೆದುಕೊಂಡು ಕೂತೆ. ಅವಳೂ ನಿನ್ನೆ ಲೇಟು.